ವಿಎಲ್‌ಸಿ ವಿಡಿಯೋ ಪ್ಲೇಯರ್‌ನ ಗುರುತಾದ ಟ್ರಾಫಿಕ್ ಕೋನ್ ಅನ್ನು ಲೆಗೋ ಬ್ರಿಕ್‌ನಲ್ಲಿ ಕಟ್ಟಬೇಕು. ಡಿಸೈನ್‌ಗೆ ಗ್ರಾಫ್ ಹಾಳೆ ಸಾಕಾ, ಸಾಫ್ಟ್‌ವೇರ್ ಬೇಕಾ? ಯಾವ ಅಂಟು ಒಳ್ಳೆಯದು?

ಗ್ರಾಫ್ ಹಾಳೆ, ಅಂಟು ಎರಡೂ ಒಂದೇ ಪ್ರಶ್ನೆಯಲ್ಲಿ ಕಂಡವು. ತಕ್ಷಣ ಬರೆಯಲು ಕೂತೆ. ನನ್ನ ಆರು ತಿಂಗಳ ಉಳಿತಾಯ ಹೋಗಿದ್ದು ಇವೆರಡರಿಂದಲೇ.

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ. ಜುಲೈ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇಲ್ಲ, ನೆಟ್‌ವರ್ಕೂ ಇಲ್ಲ. ಆಗ ಮನೆಯವರೆಲ್ಲ ಲ್ಯಾಪ್‌ಟಾಪ್ ಸುತ್ತ ಕೂರುತ್ತೇವೆ, ಚಾರ್ಜ್ ಇರುವಷ್ಟು ಹೊತ್ತು. ಪೆನ್‌ಡ್ರೈವ್‌ನಲ್ಲಿ ಏನೇ ಇರಲಿ, ಅರ್ಧ ಡೌನ್‌ಲೋಡ್ ಆದ ಸಿನಿಮಾ ಆದರೂ ಸರಿ, ವಿಎಲ್‌ಸಿ ಓಡಿಸುತ್ತದೆ. 1996ರಲ್ಲಿ ಪ್ಯಾರಿಸ್‌ನ ಕಾಲೇಜು ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. ಇವತ್ತಿಗೂ ಪುಕ್ಕಟೆ, ಜಾಹೀರಾತು ತೋರಿಸಿಲ್ಲ. ಆ ಹುಡುಗರು ಕೂಡಿಟ್ಟಿದ್ದ ಟ್ರಾಫಿಕ್ ಕೋನ್‌ಗಳೇ ಅದರ ಗುರುತಾಯಿತು. ನನಗೆ ಅದರ ಮೇಲೆ ತುಂಬಾ ಪ್ರೀತಿ. ಅದಕ್ಕೇ ಕಟ್ಟಲು ಹೊರಟೆ.

ಶಾಲೆಯ ಗ್ರಾಫ್ ಹಾಳೆ ತಗೊಂಡೆ. ಒಂದು ಚೌಕ ಅಂದರೆ ಒಂದು ಬ್ರಿಕ್ ಅಂದುಕೊಂಡೆ. ಬುಡದಲ್ಲಿ 20 ಚೌಕ ಅಗಲ, 24 ಚೌಕ ಎತ್ತರ. ಹಾಳೆಯಲ್ಲಿ ಕೋನ್ ಚೆನ್ನಾಗೇ ಕಂಡಿತು. ಲೆಕ್ಕ ಹಾಕಿ ಕಿತ್ತಳೆ, ಬಿಳಿ ಬಿಡಿ ಬ್ರಿಕ್ ತರಿಸಿದೆ.

ತಪ್ಪು ಆಗಿದ್ದು ಇಲ್ಲೇ. ಗ್ರಾಫ್‌ನ ಚೌಕ ಚೌಕವೇ. ಆದರೆ ಲೆಗೋ ಬ್ರಿಕ್ ಚೌಕ ಅಲ್ಲ. ಒಂದು ಸ್ಟಡ್‌ನ, ಅಂದರೆ ಬ್ರಿಕ್ ಮೇಲಿನ ಒಂದು ಗುಂಡು ಉಬ್ಬು ಕೂರುವ ಜಾಗದ ಅಗಲ 8 ಮಿ.ಮೀ., ಬ್ರಿಕ್‌ನ ಎತ್ತರ 9.6 ಮಿ.ಮೀ. ಒಂದೊಂದರಲ್ಲಿ 1.6 ಮಿ.ಮೀ. ಜಾಸ್ತಿ. ಕಣ್ಣಿಗೆ ಗೊತ್ತೇ ಆಗಲ್ಲ, ಅಲ್ವಾ? ಆದರೆ ಅದು 24 ಸಾಲು ಸೇರುತ್ತದೆ. 192 ಮಿ.ಮೀ. ಬರಬೇಕಿದ್ದ ಕೋನ್ 230 ದಾಟಿತು. ಅಂದರೆ ಸರಿಯಾಗಿ ನಾಲ್ಕು ಸಾಲು ಹೆಚ್ಚು. ನನಗೆ ಬೇಕಿದ್ದಿದ್ದು 20 ಸಾಲು ಮಾತ್ರ. ತಂಗಿ ನೋಡಿ, "ಅಣ್ಣ, ಇದ್ಯಾಕೆ ಇಷ್ಟು ಉದ್ದ?" ಅಂದಳು. ನಡುನಡುವೆ ನಾಲ್ಕು ಸಾಲು ತೆಗೆದರೆ ಸರಿಹೋಗುತ್ತಿತ್ತು. ಆದರೆ ಗಟ್ಟಿಯಾಗಿರಲಿ ಅಂತ ಪ್ರತಿ ಸಾಲಿಗೂ ಅಂಟು ಹಾಕಿದ್ದೆ. ಒಂದೂ ಬಿಡಲಿಲ್ಲ. ಬಿಡಿಸಲು ಹೋಗಿ ಎರಡು ಮೂರು ಬ್ರಿಕ್ ಮುರಿದವು. ಅಲ್ಲಿಗೆ ನಿಲ್ಲಿಸಿದೆ.

ಹಾಗಾಗಿ ಯಾವ ಅಂಟು ಅಂತ ಕೇಳಲೇಬೇಡಿ. ಅಂಟು ಬೇಡ. 1958ರ ಬ್ರಿಕ್ ಇವತ್ತಿನ ಬ್ರಿಕ್‌ಗೆ ಬಿಗಿಯಾಗಿ ಕೂರುತ್ತದೆ, ಅಷ್ಟು ಕರಾರುವಾಕ್ಕಾಗಿ ಮಾಡಿರುತ್ತಾರೆ. ಕೋನ್ ಬೀಳುವುದು ಅಂಟಿಲ್ಲದೆ ಅಲ್ಲ, ಗೋಡೆ ತೆಳ್ಳಗಿದ್ದರೆ. ಮೇಲಿನ ಸುತ್ತು ಒಂದು ಸ್ಟಡ್ ಒಳಕ್ಕೆ ಸರಿಯುತ್ತದೆ. ಗೋಡೆ ಎರಡು ಸ್ಟಡ್ ದಪ್ಪ ಇದ್ದರೆ ಮಾತ್ರ ಅದಕ್ಕೆ ಕೂರಲು ಜಾಗ ಸಿಗುತ್ತದೆ. ಮನೆ ಗೋಡೆ ಕಟ್ಟುವ ಹಾಗೆ ಸಂದು ಮೇಲೆ ಸಂದು ಬರದಂತೆ ಜೋಡಿಸಿ.

ಹಾಳೆಯೋ ಸಾಫ್ಟ್‌ವೇರೋ ಅನ್ನುವುದು ದೊಡ್ಡ ವಿಷಯವೇ ಅಲ್ಲ. ಬ್ರಿಕ್‌ಲಿಂಕ್ ಸ್ಟುಡಿಯೋ ಅನ್ನುವ ಲೆಗೋ ಡಿಸೈನ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅಳತೆ ಅದೇ ನೋಡಿಕೊಳ್ಳುತ್ತದೆ. ಆದರೆ ನನಗೆ ಈಗಲೂ ಹಾಳೆಯೇ ಇಷ್ಟ, ಕರೆಂಟ್ ಬೇಡ ನೋಡಿ. ಚೌಕ ಬಿಟ್ಟು 10 ಮಿ.ಮೀ. ಅಗಲ, 12 ಮಿ.ಮೀ. ಎತ್ತರದ ಮನೆ ಎಳೆದುಕೊಳ್ಳಿ. ಐದು ಬ್ರಿಕ್ ಎತ್ತರ ಅಂದರೆ ಆರು ಸ್ಟಡ್ ಅಗಲ, ಇದೊಂದು ಹಾಳೆಯ ಮೂಲೆಯಲ್ಲಿ ಬರೆದಿಡಿ. ಎಲ್ಲಕ್ಕಿಂತ ಮೊದಲು ಹತ್ತೇ ಹತ್ತು ಬ್ರಿಕ್ ತರಿಸಿ, ಜೋಡಿಸಿ, ಸ್ಕೇಲ್ ಇಟ್ಟು ಅಳೆಯಿರಿ. ಉಳಿದದ್ದಕ್ಕೆ ಆಮೇಲೆ ದುಡ್ಡು ಹಾಕಿ.

ನಾನು ಮುಂದಿನ ಕಾಫಿ ಕೊಯ್ಲು ಮುಗಿಯುವವರೆಗೆ ಕಾದು ಮತ್ತೆ ಕಟ್ಟಿದೆ, 20 ಸಾಲು, ಅಂಟಿಲ್ಲದೆ. ಎರಡೂ ಕೋನ್ ಈಗ ಟಿವಿ ಪಕ್ಕ ಇವೆ. ಬೇಕಿದ್ದರೆ ಹೇಳಿ, ನಡುವೆ ಸ್ಕೇಲ್ ನಿಲ್ಲಿಸಿ ಫೋಟೋ ಹಾಕುತ್ತೇನೆ.