ಇಪ್ಪತ್ತು ಜನ ನಿಂತಿದ್ದರೂ ಯಾರೂ ಯಾಕೆ ಮುಂದೆ ಬರಲಿಲ್ಲ?

ಸಿಲ್ಕ್ ಬೋರ್ಡ್ ಹತ್ತಿರ ಒಬ್ಬರು ಬೈಕಿನಿಂದ ಬಿದ್ದಿದ್ದರು, ಇಪ್ಪತ್ತು ಜನ ಸುತ್ತ ನಿಂತು ನೋಡಿದರೇ ಹೊರತು ಯಾರೂ ಎತ್ತಲಿಲ್ಲ, ಬೆಂಗಳೂರಿನವರ ಮನಸ್ಸು ಕಲ್ಲಾಗಿದೆಯಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಕಲ್ಲಾಗಿಲ್ಲ ಅಂತಲೇ ನನ್ನ ನಂಬಿಕೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೈಕಿನಲ್ಲಿ ಮಾತಾಡಿಸಿದರು. ಮಧ್ಯೆ ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಧ್ವನಿ ಕೇಳಿಸಿತು. ಅದು ಮೊದಲೇ ರೆಕಾರ್ಡ್ ಮಾಡಿದ್ದು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಜನ ಫಿಟ್ಸ್ ಮುಗಿಯುವ ಮೊದಲೇ ಎದ್ದು ಬಂದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಬಂದದ್ದು ನೂರಕ್ಕೆ 31 ಮಾತ್ರ.

ಕ್ಲಾಸಿನಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಇದರ ಮುಂದಿನ ಸಂಗತಿಯಲ್ಲಿ. ಎದ್ದು ಬರದವರು ಆರಾಮವಾಗಿ ಕೂತಿರಲಿಲ್ಲ. ಅನೇಕರ ಕೈ ನಡುಗುತ್ತಿತ್ತು, ಅಂಗೈ ಬೆವೆತಿತ್ತು. ಆಮೇಲೆ ಕೋಣೆಗೆ ಬಂದವರನ್ನು 'ಅವನು ಹುಷಾರಾಗಿದ್ದಾನೆ ತಾನೇ?' ಅಂತ ಕೇಳಿದರು. ಒಳಗೆ ಸಂಕಟ ಇತ್ತು. ಕಾಲು ಏಳಲಿಲ್ಲ.

ರಸ್ತೆಯಲ್ಲೂ ಇದೇ ಆಗುತ್ತದೆ. ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡುತ್ತಾರೆ. ಅವರು ಸುಮ್ಮನಿದ್ದಾರೆ ಅಂದರೆ ಯಾರೋ ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಿರಬೇಕು ಅಂದುಕೊಳ್ಳುತ್ತಾರೆ. ಇಪ್ಪತ್ತು ಜನರೂ ಹೀಗೇ ಅಂದುಕೊಂಡರೆ ಫೋನ್ ಹೋಗುವುದೇ ಇಲ್ಲ.

ನಮ್ಮ ಊರಿನ ಮಟ್ಟಿಗೆ ಆತುರವೂ ಸೇರಿಕೊಳ್ಳುತ್ತದೆ. ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ, ಪಾದ್ರಿಯಾಗಲು ಓದುತ್ತಿದ್ದ ಹುಡುಗರ ದಾರಿಯಲ್ಲಿ ನರಳುವ ಒಬ್ಬನನ್ನು ಕೂರಿಸಿದ ಪ್ರಯೋಗ ಪ್ರಕಟಿಸಿದರು. ಸಮಯ ಇದ್ದವರಲ್ಲಿ ನೂರಕ್ಕೆ 63 ಜನ ನೆರವಾದರು. 'ಲೇಟಾಯ್ತು, ಓಡು' ಅನ್ನಿಸಿಕೊಂಡವರಲ್ಲಿ 10. ದೇವರ ಮಾತು ಹೇಳಲು ಹೊರಟವರ ಕಥೆಯೇ ಇದು. ಬೆಳಗ್ಗೆ ಒಂಬತ್ತರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರನ್ನು ಕಟುಕರು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪೊಲೀಸ್, ಕೋರ್ಟು ಅಂತ ಅಲೆಯಬೇಕಾಗುತ್ತೆ ಅನ್ನುವ ಭಯವೂ ದೊಡ್ಡದು. ಆದರೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ 134ಎ ಅನ್ನುವ ಕಲಂ ಬಂದಿದೆ. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಿ ಅಂತ ಬಲವಂತ ಮಾಡುವ ಹಾಗೂ ಇಲ್ಲ. ಇದನ್ನು ದಯವಿಟ್ಟು ಮನೆಯವರಿಗೂ ಹೇಳಿ.

ಮುಂದೆ ಅಂಥದ್ದು ಕಂಡರೆ 'ಯಾರಾದ್ರೂ ಸಹಾಯ ಮಾಡಿ' ಅಂತ ಕೂಗಬೇಡಿ. ಒಬ್ಬರನ್ನೇ ನೋಡಿ ಹೇಳಿ: 'ಕೆಂಪು ಹೆಲ್ಮೆಟ್ ಅಣ್ಣ, ನೀವು 108ಕ್ಕೆ ಫೋನ್ ಮಾಡಿ. ಅಕ್ಕಾ, ನೀವು ಆ ಕಡೆ ಗಾಡಿ ನಿಲ್ಲಿಸಿ.' ಕರೆದ ಕೂಡಲೇ ಕೆಲಸ ಅವರದಾಗುತ್ತದೆ, ಬಹಳಷ್ಟು ಜನ ಓಡಿ ಬರುತ್ತಾರೆ. ಅಷ್ಟರಲ್ಲಿ ನೀವು ಬಿದ್ದವರ ಕತ್ತು ಅಲ್ಲಾಡದ ಹಾಗೆ ನೋಡಿಕೊಳ್ಳಿ. ನೀರು ಕುಡಿಸಬೇಡಿ.