ಕ್ರೂಸ್ ಹಡಗು ನಡುಸಮುದ್ರದಲ್ಲಿ ಕೆಟ್ಟು ನಿಂತರೆ ಏನಾಗುತ್ತದೆ? ವಯಸ್ಸಾದವರನ್ನು ಕರೆದೊಯ್ಯಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಎಪ್ಪತ್ತು ದಾಟಿದ ಅಪ್ಪ-ಅಮ್ಮನನ್ನು ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಕೊಂಡು ಬರುವ ನಾಲ್ಕು ರಾತ್ರಿಯ ಕ್ರೂಸಿಗೆ ಕರೆದೊಯ್ಯಬೇಕೆಂದಿದ್ದೀರಿ. ಎಂಜಿನ್ ಕೆಟ್ಟು, ಕರೆಂಟ್ ಹೋಗಿ ದಿನಗಟ್ಟಲೆ ಕಡಲಲ್ಲೇ ನಿಂತ ಹಡಗುಗಳ ಸುದ್ದಿ ಓದಿ ಅಮ್ಮ ಹೆದರಿದ್ದಾರೆ. ಹಾಗಾದರೆ ಹಡಗು ಮುಳುಗುತ್ತದೆಯೇ, ನಾವೇನು ತಯಾರಿ ಮಾಡಿಕೊಳ್ಳಬೇಕು ಎಂದು ಕೇಳಿದ್ದೀರಿ.

ಕರೆದೊಯ್ಯಿರಿ. ಎಂಜಿನ್ ನಿಂತ ಮಾತ್ರಕ್ಕೆ ಹಡಗು ಮುಳುಗುವುದಿಲ್ಲ, ತೇಲುವುದಕ್ಕೆ ಎಂಜಿನ್ ಬೇಕಿಲ್ಲ. ವಯಸ್ಸಾದವರಿಗೆ ನಿಜವಾದ ಕಷ್ಟ ಇರುವುದು ಬೇರೆ ಕಡೆ. ಲಿಫ್ಟ್, ಎಸಿ, ಟಾಯ್ಲೆಟ್ ಯಾವುದೂ ಇಲ್ಲದೆ ಒಂದೆರಡು ದಿನ ಕಳೆಯಬೇಕಾಗಿ ಬಂದರೆ ಅವರ ಔಷಧಿ, ನೀರು, ಮೆಟ್ಟಿಲು ಇವುಗಳ ಗತಿಯೇನು ಎಂಬುದನ್ನು ಮೊದಲೇ ಯೋಚಿಸಬೇಕು. ತಯಾರಿ ಅದಕ್ಕೆ ಆಗಲಿ.

ಈಗಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಡೀಸೆಲ್-ಎಲೆಕ್ಟ್ರಿಕ್. ಅಂದರೆ ಎಂಜಿನ್‌ಗೂ ಪ್ರೊಪೆಲ್ಲರಿಗೂ ನೇರ ಸಂಬಂಧವಿಲ್ಲ. ನಾಲ್ಕರಿಂದ ಆರು ಎಂಜಿನ್‌ಗಳು ಬರೀ ಕರೆಂಟ್ ತಯಾರಿಸುತ್ತವೆ, ಸಾಮಾನ್ಯವಾಗಿ 6,600 ಅಥವಾ 11,000 ವೋಲ್ಟ್‌ನಲ್ಲಿ. ಪ್ರೊಪೆಲ್ಲರ್ ತಿರುಗಿಸುವ ಮೋಟರು, ಎಸಿ, ಅಡುಗೆಮನೆ, ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ ಎಲ್ಲವೂ ಆ ಒಂದೇ ಕರೆಂಟಿನ ಮೇಲೆ ನಿಂತಿವೆ. ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಓಡುವುದು ಅಪರೂಪ. ಎರಡು ಮೂರು ಓಡುತ್ತಿರುತ್ತವೆ, ಉಳಿದದ್ದು ಸ್ಟ್ಯಾಂಡ್‌ಬೈ ಅಥವಾ ಸರ್ವೀಸಿನಲ್ಲಿ ಇರುತ್ತದೆ. ಆದ್ದರಿಂದ ಒಂದು ಎಂಜಿನ್ ನಿಂತರೆ ನಿಮಗೆ ಗೊತ್ತೂ ಆಗದಿರಬಹುದು. ದೀಪ ಒಮ್ಮೆ ಮಿನುಗಬಹುದು, ಎಸಿ ಕೆಲವು ನಿಮಿಷ ನಿಲ್ಲಬಹುದು. ಕರೆಂಟ್ ಕಡಿಮೆ ಬಿದ್ದಾಗ ಎಸಿ, ಅಡುಗೆಮನೆಯಂಥ ತಡೆದುಕೊಳ್ಳಬಲ್ಲ ಲೋಡುಗಳನ್ನು ಕಂಟ್ರೋಲ್ ವ್ಯವಸ್ಥೆ ತಾನಾಗಿಯೇ ಕಡಿತ ಮಾಡುವುದರಿಂದ ಹೀಗಾಗುತ್ತದೆ. ಅದು ಕೆಡುಕಿನ ಲಕ್ಷಣವಲ್ಲ.

ಪ್ರಯಾಣಿಕರ ಅನುಭವಕ್ಕೆ ಬರುವ ಸಾಮಾನ್ಯ ಯಾಂತ್ರಿಕ ದೋಷವೆಂದರೆ ಪ್ರೊಪೆಲ್ಲರಿನದು. ಬಹಳಷ್ಟು ಹಡಗುಗಳಲ್ಲಿ ಹಿಂಭಾಗದ ಅಡಿಯಲ್ಲಿ ಪಾಡ್‌ಗಳು ತೂಗುಬಿದ್ದಿರುತ್ತವೆ. ಮೋಟರು ಪಾಡ್‌ನ ಒಳಗೇ ಇರುತ್ತದೆ, ಇಡೀ ಪಾಡ್ ಸುತ್ತಲೂ ತಿರುಗುತ್ತದೆ, ಹಾಗಾಗಿ ಬೇರೆ ಚುಕ್ಕಾಣಿ ಬೇಕಿಲ್ಲ. ಇದರ ಬೇರಿಂಗ್, ಸೀಲ್ ಕೆಟ್ಟರೆ ದೊಡ್ಡ ರಿಪೇರಿಗೆ ಹಡಗನ್ನು ನೀರಿನಿಂದ ಹೊರಗಿಟ್ಟು ದುರಸ್ತಿ ಮಾಡುವ ಡ್ರೈಡಾಕ್‌ಗೇ ಹೋಗಬೇಕು. ಅಲ್ಲಿಯವರೆಗೆ ಉಳಿದ ಪಾಡ್‌ನಲ್ಲಿ ಹಡಗು ನಿಧಾನಕ್ಕೆ ಓಡುತ್ತದೆ. ವೇಗ ಕಡಿಮೆಯಾದರೆ ಬಂದರಿನಲ್ಲಿ ಕಾಯ್ದಿರಿಸಿದ ಹೊತ್ತಿಗೆ ತಲುಪಲಾಗದು, ಆಗ ಒಂದು ಊರನ್ನೇ ಬಿಟ್ಟು ಮುಂದೆ ಹೋಗುತ್ತಾರೆ. ನಿಮಗೂ ಹೆಚ್ಚೆಂದರೆ ಫುಕೆಟ್ ತಪ್ಪೀತು. ಹಾಗೆ ಬದಲಾಯಿಸುವ ಹಕ್ಕನ್ನು ಟಿಕೆಟ್ ಕರಾರಿನಲ್ಲಿ ಕಂಪನಿ ಇಟ್ಟುಕೊಂಡಿರುತ್ತದೆ, ಬುಕ್ ಮಾಡುವ ಮುಂಚೆ ಆ ಕಲಮು ಓದಿ.

ಇನ್ನು ಪೂರ್ತಿ ಕರೆಂಟ್ ಹೋಗುವ ಮಾತು. ಅಮ್ಮ ಓದಿರುವುದು ಇದನ್ನೇ ಇರಬೇಕು. 2010ರ ನವೆಂಬರಿನಲ್ಲಿ ಮೆಕ್ಸಿಕೊ ಹತ್ತಿರ ಕಾರ್ನಿವಲ್ ಸ್ಪ್ಲೆಂಡರ್ ಹಡಗಿನ ಒಂದು ಜನರೇಟರ್ ಎಂಜಿನ್ ಸಿಡಿದು ಬೆಂಕಿ ಹತ್ತಿತು. ಎಂಜಿನ್ ರೂಮುಗಳು ಎರಡಿದ್ದವು, ಮುಂದಿನದು ಚೆನ್ನಾಗಿಯೇ ಇತ್ತು. ಆದರೆ ಬೆಂಕಿ ಬಿದ್ದ ಎಂಜಿನ್ನಿನ ಮೇಲೆ ಹಾದುಹೋಗಿದ್ದ ಕೇಬಲ್‌ಗಳು ಸುಟ್ಟದ್ದರಿಂದ ಎರಡೂ ಕಡೆಯ ಕರೆಂಟ್ ನಿಷ್ಪ್ರಯೋಜಕವಾಯಿತು. ಸುಮಾರು 4,500 ಜನರಿದ್ದ ಹಡಗನ್ನು ಟಗ್‌ಗಳು (ದೊಡ್ಡ ಹಡಗು ಎಳೆಯುವ ಚಿಕ್ಕ ದೋಣಿಗಳು) ಸ್ಯಾನ್ ಡಿಯಾಗೊಗೆ ಎಳೆದು ತಂದವು. 2013ರ ಫೆಬ್ರುವರಿ 10ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಕಾರ್ನಿವಲ್ ಟ್ರಯಂಫ್‌ಗೆ ಹೆಚ್ಚುಕಡಿಮೆ ಇದೇ ಗತಿಯಾಯಿತು. ಅಲ್ಲಿ ಒಂದು ಬಗ್ಗುವ ಇಂಧನ ಹೋಸ್ ಸೋರಿ ಡೀಸೆಲ್ ಬಿಸಿ ಭಾಗದ ಮೇಲೆ ಬಿದ್ದು ಹೊತ್ತಿಕೊಂಡಿತು. 4,200ಕ್ಕೂ ಹೆಚ್ಚು ಜನ 14ನೇ ತಾರೀಕು ಅಲಬಾಮಾದ ಮೊಬೈಲ್ ಬಂದರು ಸೇರುವತನಕ ಎಸಿ, ಟಾಯ್ಲೆಟ್ ಇಲ್ಲದೆ ಒದ್ದಾಡಿದರು, ಹಾಸಿಗೆಗಳನ್ನು ಡೆಕ್ಕಿಗೆ ಎಳೆತಂದು ಮಲಗಿದರು. ಎರಡೂ ಘಟನೆಗಳಲ್ಲಿ ಬೆಂಕಿಯಿಂದ ಯಾರೂ ಸಾಯಲಿಲ್ಲ. ಈ ಮಾತನ್ನು ಅಮ್ಮನಿಗೆ ಬಿಡಿಸಿ ಹೇಳಿ.

ಎಂಜಿನ್ ರೂಮಿನ ಬೆಂಕಿಯ ಕಾರಣ ಬಹುತೇಕ ಒಂದೇ: ಒತ್ತಡದಲ್ಲಿರುವ ಎಣ್ಣೆ ಸೋರುವುದು, ಕೆಂಪಗೆ ಕಾದ ಎಕ್ಸಾಸ್ಟ್ ಅಥವಾ ಟರ್ಬೋಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಭಾಗಕ್ಕೆ ಅದು ತಾಗುವುದು. ಅದಕ್ಕೇ ಹೆಚ್ಚು ಒತ್ತಡದ ಇಂಧನ ಪೈಪುಗಳಿಗೆ ಎರಡು ಪದರ ಇರಬೇಕು, 220 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗುವ ಮೇಲ್ಮೈಗೆ ಹೊದಿಕೆ ಇರಬೇಕು ಎಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷಾ ಒಪ್ಪಂದ ಹೇಳುತ್ತದೆ. ಎಂಜಿನ್ ಮೇಲೆಯೇ ನೀರಿನ ಮಂಜು ಸಿಂಪಡಿಸುವ ವ್ಯವಸ್ಥೆಯೂ ಇರುತ್ತದೆ.

ಆದರೆ ಎಂಜಿನ್ ನಿಂತರೆ ಯಾವತ್ತೂ ಬರೀ ಅನನುಕೂಲ ಅಷ್ಟೇ ಎಂದು ನಾನು ಹೇಳಲಾರೆ. ಬಿರುಗಾಳಿ ಇದ್ದು, ಪಕ್ಕದಲ್ಲೇ ಬಂಡೆಯ ದಡ ಇದ್ದರೆ ಲೆಕ್ಕ ಬೇರೆ. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್ವಿಕಾದಲ್ಲಿ ವೈಕಿಂಗ್ ಸ್ಕೈ ಹಡಗಿಗೆ ಆದದ್ದು ಅದೇ. 1,373 ಜನರಿದ್ದರು. ನಾಲ್ಕು ಜನರೇಟರ್‌ಗಳಲ್ಲಿ ಒಂದು ಟರ್ಬೋಚಾರ್ಜರ್ ಕೆಟ್ಟು ಮೊದಲೇ ಮೂಲೆ ಸೇರಿತ್ತು. ಉಳಿದವುಗಳ ಲ್ಯೂಬ್ ಆಯಿಲ್ (ಎಂಜಿನ್ ಭಾಗಗಳು ಸವೆಯದಂತೆ ಕಾಯುವ ಎಣ್ಣೆ) ಟ್ಯಾಂಕಿನಲ್ಲಿ ತಯಾರಕರು 68ರಿಂದ 75 ಶೇಕಡಾ ಎಣ್ಣೆ ಇರಲಿ ಎಂದಿದ್ದರೆ, ಇದ್ದದ್ದು 28ರಿಂದ 40 ಶೇಕಡಾ. ಹಡಗು ಜೋರಾಗಿ ಹೊಯ್ದಾಡಿದಾಗ ಎಣ್ಣೆ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಹೋಯಿತು. ಒತ್ತಡ ಬಿದ್ದದ್ದೇ ತಡ, ಎಂಜಿನ್‌ಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ನಿಂತುಬಿಟ್ಟವು. ಲಂಗರು ಬಿಟ್ಟರೂ ಹಡಗು ದಡದತ್ತ ಸರಿಯಿತು. ಸರಿಸುಮಾರು ಹಡಗಿನ ಒಂದು ಉದ್ದದಷ್ಟು ದೂರ ಉಳಿದಿದ್ದಾಗ ಎಂಜಿನ್ ಮತ್ತೆ ಹಿಡಿಯಿತು. 479 ಜನರನ್ನು ಹೆಲಿಕಾಪ್ಟರ್‌ಗಳಲ್ಲಿ ಒಬ್ಬೊಬ್ಬರನ್ನಾಗಿ ಎತ್ತಿದರು. ಆ ಸ್ಥಿತಿಯಲ್ಲಿ ಹಡಗು ಟ್ರೋಮ್ಸೊ ಬಂದರಿನಿಂದ ಹೊರಡಲೇಬಾರದಿತ್ತು ಎಂದು ನಾರ್ವೆಯ ತನಿಖಾ ಸಂಸ್ಥೆ ಹೇಳಿತು. ನಿಮ್ಮ ಮಲಕ್ಕಾ ಜಲಸಂಧಿಯ ದಾರಿ ಅಂಥದ್ದಲ್ಲ. ಬಹುಭಾಗ ಲಂಗರು ಹಾಕುವಷ್ಟೇ ಆಳ, ಸದಾ ಹಡಗುಗಳ ಓಡಾಟ, ಪೋರ್ಟ್ ಕ್ಲಾಂಗ್, ಪೆನಾಂಗ್, ಸಿಂಗಪುರದಲ್ಲಿ ಟಗ್‌ಗಳ ಲಭ್ಯತೆ. ನೆರವು ತಲುಪುವುದಕ್ಕೆ ಸಾಗರದ ನಡುವಿನಷ್ಟು ಹೊತ್ತು ಬೇಡ.

ಮುಖ್ಯ ಕರೆಂಟ್ ಹೋದ ಮೇಲಿನ ಮೊದಲ ಒಂದು ಗಂಟೆ ಹೇಗಿರುತ್ತದೆ ಎಂಬುದನ್ನು ತಿಳಿದಿದ್ದರೆ ಗಾಬರಿ ಅರ್ಧ ಕಡಿಮೆ. ಮೊದಲು ಕತ್ತಲು, ಅದಕ್ಕಿಂತ ವಿಚಿತ್ರವಾದದ್ದು ನಿಶ್ಶಬ್ದ. ಹಗಲೂ ರಾತ್ರಿ ಕಿವಿಗೆ ರೂಢಿಯಾಗಿದ್ದ ಎಸಿ ಗಾಳಿಯ ಸದ್ದು ನಿಂತುಹೋಗುತ್ತದೆ. ಬ್ಯಾಟರಿಯ ದೀಪಗಳು ಕೂಡಲೇ ಹತ್ತುತ್ತವೆ. ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ತಾನಾಗಿಯೇ ಶುರುವಾಗಬೇಕು, 36 ಗಂಟೆ ಓಡುವಷ್ಟು ಇಂಧನ ಅದಕ್ಕೆ ಇರಬೇಕು. ಅದು ಎಂಜಿನ್ ರೂಮಿನಲ್ಲಿ ಇರುವುದಿಲ್ಲ, ನೀರಾಗಲಿ ಬೆಂಕಿಯಾಗಲಿ ಸುಲಭಕ್ಕೆ ತಲುಪದಂತೆ ಮೇಲಿನ ಡೆಕ್ಕಿನಲ್ಲಿರುತ್ತದೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕರೆಂಟ್ ಹೋದರೆ ಮೆಟ್ಟಿಲ ದೀಪಕ್ಕೆ ಜನರೇಟರ್ ಸಿಗುತ್ತದೆ, ಮನೆಯ ಎಸಿಗೆ ಸಿಗುವುದಿಲ್ಲ, ಇಲ್ಲಿಯೂ ಹಾಗೆಯೇ. ತುರ್ತು ದೀಪ, ರೇಡಿಯೊ, ಅನೌನ್ಸ್‌ಮೆಂಟ್, ಫೈರ್ ಅಲಾರಂ, ಬೆಂಕಿ ನಂದಿಸುವ ಪಂಪು, ನೀರು ಹೊರಹಾಕುವ ಪಂಪು, ನೀರು ತಡೆಯುವ ಬಾಗಿಲುಗಳು ಇದರ ಪಾಲು. ಲಿಫ್ಟ್ ಮಧ್ಯದಲ್ಲಿ ಸಿಕ್ಕಿಕೊಂಡರೆ ಯಾವುದಾದರೊಂದು ಡೆಕ್ಕಿಗೆ ತಂದು ನಿಲ್ಲಿಸುವಷ್ಟು ಕರೆಂಟ್ ಸಿಗುತ್ತದೆ, ಆಮೇಲೆ ಲಿಫ್ಟ್ ಇಲ್ಲ.

ಟಾಯ್ಲೆಟ್ ವಿಷಯ ಬಿಡಿಸಿ ಹೇಳಬೇಕು, ಜನ ಹೆಚ್ಚು ಕಷ್ಟಪಡುವುದು ಅಲ್ಲೇ. ಹಡಗಿನ ಟಾಯ್ಲೆಟ್ ನೀರಿನ ಭಾರದಿಂದ ಹೋಗುವಂಥದ್ದಲ್ಲ, ವ್ಯಾಕ್ಯೂಮ್ ಎಳೆತದಿಂದ ಹೋಗುವಂಥದ್ದು. ವ್ಯಾಕ್ಯೂಮ್ ಪಂಪಿಗೆ ಕರೆಂಟ್ ಇಲ್ಲದಿದ್ದರೆ ಬಟನ್ ಎಷ್ಟು ಒತ್ತಿದರೂ ಪ್ರಯೋಜನವಿಲ್ಲ, ಬಕೆಟ್ ನೀರು ಸುರಿದರೂ ಇಳಿಯದು. ಸುಮ್ಮನೆ ಬಿಟ್ಟು ಸಿಬ್ಬಂದಿ ಹೇಳುವ ವ್ಯವಸ್ಥೆ ಬಳಸಿ. ಕರೆಂಟ್ ಇರುವ ದಿನಗಳಲ್ಲೂ ಸಾಲಾಗಿ ನಾಲ್ಕೈದು ಕ್ಯಾಬಿನ್‌ಗಳ ಟಾಯ್ಲೆಟ್ ಒಟ್ಟಿಗೆ ಕೈಕೊಡುವುದುಂಟು. ಒಂದೇ ಪೈಪಿಗೆ ಸೇರಿರುವ ಯಾರೋ ಒಬ್ಬರು ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್, ಡಯಾಪರ್ ಹಾಕಿರುತ್ತಾರೆ. ಅಮ್ಮ-ಅಪ್ಪನಿಗೆ ಈ ಮಾತು ಮೊದಲೇ ಹೇಳಿಡಿ, ರಿಸೆಪ್ಷನ್ನಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಸರಿಮಾಡುತ್ತಾರೆ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಹಡಗು ಅತ್ತಿತ್ತ ವಾಲದಂತೆ ನೀರೊಳಗೆ ಎರಡು ಬದಿಗೂ ರೆಕ್ಕೆಯಂಥ ಸ್ಟೆಬಿಲೈಸರ್ ಚಾಚಿರುತ್ತದೆ. ಹಡಗು ಮುಂದೆ ಓಡುತ್ತಿದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುವುದು. ನಿಂತ ಹಡಗು ಗಾಳಿಗೆ ಅಡ್ಡ ತಿರುಗಿ ಅಲೆಗೆ ಬದಿ ಕೊಡುತ್ತದೆ, ಆಗ ಓಲಾಟ ಜಾಸ್ತಿಯಾಗಿ ವಾಂತಿ ಶುರುವಾಗುತ್ತದೆ. ಇದೂ ಮುಳುಗುವ ಸೂಚನೆಯಲ್ಲ. ವಾಂತಿ ಮಾತ್ರೆಗಳು ಕೆಲವು ವಯಸ್ಸಾದವರಿಗೆ ಮಂಪರು ತರಿಸಿ ಬೀಳಿಸಿಬಿಡುತ್ತವೆ, ಪ್ರಾಸ್ಟೇಟ್ ಅಥವಾ ಗ್ಲಾಕೋಮಾ ಇದ್ದರೆ ಕೆಲವು ಆಗಿಬರುವುದೂ ಇಲ್ಲ, ಅದಕ್ಕೇ ಊರಿನ ಡಾಕ್ಟರನ್ನು ಕೇಳಿಯೇ ಒಂದು ಬಗೆಯನ್ನು ಒಯ್ಯಿರಿ.

ಯಾವ ಸದ್ದಿಗೆ ತಲೆಕೆಡಿಸಿಕೊಳ್ಳಬಾರದು: ಬಂದರಿನಲ್ಲಿ ಹಡಗು ಗಡಗಡ ನಡುಗಿದರೆ ಅದು ಮುಂಭಾಗದ ಥ್ರಸ್ಟರ್, ಅಡ್ಡಡ್ಡ ತಳ್ಳುವ ಪ್ರೊಪೆಲ್ಲರ್. ರಾತ್ರಿ ಗೋಡೆ ಕಿರ್ ಎನ್ನುವುದು ಪ್ಯಾನೆಲ್‌ಗಳ ಸಂದಿ. ಹಡಗು ಬಗ್ಗಬೇಕು, ಬಗ್ಗದಿದ್ದರೆ ಬಿರುಕು ಬಿಡುತ್ತದೆ. ಕಾರಿಡಾರಿನ ಕಾರ್ಪೆಟ್ ಒದ್ದೆಯಾಗಿದ್ದರೆ ಅದು ಎಸಿ ನೀರು ಅಥವಾ ಸಿಹಿನೀರಿನ ಪೈಪಿನ ಸೋರಿಕೆ, ನಿಮ್ಮ ಕ್ಯಾಬಿನ್ ಸಮುದ್ರದ ಮಟ್ಟಕ್ಕಿಂತ ಮೇಲಿದೆ. ಯಾವುದನ್ನು ನಿರ್ಲಕ್ಷಿಸಬಾರದು: ಸುಟ್ಟ ವಾಸನೆ, ಹೊಗೆ, ಪ್ಲಾಸ್ಟಿಕ್ ಕಾದ ಘಾಟು. ಕಾರಣ ಹುಡುಕುತ್ತ ಕೂರದೆ ಕ್ಯಾಬಿನ್ ಫೋನಿನ ಮೇಲೆ ಅಂಟಿಸಿರುವ ಎಮರ್ಜೆನ್ಸಿ ನಂಬರಿಗೆ ಕರೆಮಾಡಿ ಡೆಕ್ ಮತ್ತು ಕ್ಯಾಬಿನ್ ನಂಬರ್ ಹೇಳಿ. ಏಳು ಚಿಕ್ಕ, ಒಂದು ಉದ್ದ ಸೈರನ್ ಕೇಳಿದರೆ ಮಸ್ಟರ್ ಸ್ಟೇಷನ್ನಿಗೆ, ಅಂದರೆ ತುರ್ತಿನಲ್ಲಿ ಎಲ್ಲರೂ ಸೇರಬೇಕಾದ ಜಾಗಕ್ಕೆ, ಹೊರಡುವುದು, ಲಗೇಜ್ ಮುಟ್ಟಬಾರದು. ಆ ಸ್ಟೇಷನ್ ಯಾವುದು ಎಂಬುದನ್ನು ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್‌ನಲ್ಲಿ ತೋರಿಸುತ್ತಾರೆ. ಮೊದಲು 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತ ಮೇಲೆ ನಿಯಮ ಬಿಗಿಯಾಯಿತು, 2015ರ ಜನವರಿಯಿಂದ ಜಾರಿಯಲ್ಲಿದೆ. ಡ್ರಿಲ್ ದಿನ ಅಪ್ಪ-ಅಮ್ಮನನ್ನು ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಒಮ್ಮೆ ನಡೆಸಿ ನೋಡಿ. ಆಗುವುದಿಲ್ಲ ಎನಿಸಿದರೆ ಅಂದೇ ರಿಸೆಪ್ಷನ್ನಿನಲ್ಲಿ ನೆರವು ಬೇಕಾದವರ ಪಟ್ಟಿಗೆ ಹೆಸರು ಸೇರಿಸಿ.

ಹಡಗನ್ನು ಆರಿಸುವಾಗ ನಾನು ಮೊದಲು ನೋಡುವುದು ಕಟ್ಟಿದ ವರ್ಷ. 2010ರ ಜುಲೈ 1ರಂದು ಅಥವಾ ಅದರ ನಂತರ ಕಟ್ಟಲು ಶುರುಮಾಡಿದ, 120 ಮೀಟರ್ ಅಥವಾ ಅದಕ್ಕಿಂತ ಉದ್ದದ ಪ್ರಯಾಣಿಕ ಹಡಗುಗಳಿಗೆ 'ಸೇಫ್ ರಿಟರ್ನ್ ಟು ಪೋರ್ಟ್' ನಿಯಮ ಅನ್ವಯಿಸುತ್ತದೆ. ನಿಗದಿತ ಮಿತಿಯೊಳಗಿನ ಬೆಂಕಿ ಬಿದ್ದರೂ, ಒಂದು ಕೋಣೆಗೆ ನೀರು ನುಗ್ಗಿದರೂ ಹಡಗು ತನ್ನ ಬಲದಿಂದಲೇ ಬಂದರಿಗೆ ಮರಳಬೇಕು, ಜನರಿಗೆ ನೀರು, ಊಟ, ಟಾಯ್ಲೆಟ್, ಗಾಳಿ, ಬೆಳಕು ಇರುವ ಸುರಕ್ಷಿತ ಜಾಗ ಸಿಗಬೇಕು. ಹಳೆಯದೆಲ್ಲ ಅಪಾಯಕಾರಿ ಎಂದು ಇದರ ಅರ್ಥವಲ್ಲ. ಮುಂಬೈನಿಂದ ಹೊರಡುವ ಕೊರ್ಡೆಲಿಯಾ ಕಂಪನಿಯ ಎಂಪ್ರೆಸ್ 1990ರ ಹಡಗು. ಅಂಥ ಹಡಗುಗಳೂ ಸುರಕ್ಷಾ ಪ್ರಮಾಣಪತ್ರವನ್ನು ವರ್ಷ ವರ್ಷವೂ ನವೀಕರಿಸಲೇಬೇಕು. ವೈಕಿಂಗ್ ಸ್ಕೈ ಹೊಸ ಹಡಗೇ ಆಗಿತ್ತು, ನಿಯಮವಿದ್ದೂ ಪಾಲಿಸದಿದ್ದರೆ ಏನಾಗುತ್ತದೆಂದು ಅದು ತೋರಿಸಿತು. ಹಾಗಾಗಿ ವರ್ಷದ ಜೊತೆ ತಪಾಸಣೆಯ ದಾಖಲೆಯನ್ನೂ ನೋಡಿ. ಹಡಗಿನ ಏಳಂಕಿಯ ಐಎಂಒ ನಂಬರ್ (ಪ್ರತಿ ಹಡಗಿಗೂ ಇರುವ ಗುರುತಿನ ಸಂಖ್ಯೆ) ಹಾಕಿದರೆ ಹಡಗುಗಳ ಮಾಹಿತಿ ಕೊಡುವ ಇಕ್ವಾಸಿಸ್ (Equasis) ಜಾಲತಾಣದಲ್ಲಿ, ಉಚಿತ ನೋಂದಣಿ ಮಾಡಿಕೊಂಡು, ಯಾವ ಬಂದರಿನಲ್ಲಿ ಎಷ್ಟು ಲೋಪ ಸಿಕ್ಕಿತು, ತಡೆದು ನಿಲ್ಲಿಸಿದ್ದರೇ ಎಂದು ತಿಳಿಯುತ್ತದೆ. ಒಂದೆರಡು ಲೋಪ ಸಹಜ. ಪದೇಪದೇ ತಡೆಹಿಡಿದ ಹಡಗನ್ನು ಬಿಟ್ಟುಬಿಡಿ.

ಕ್ಯಾಬಿನ್ ಆರಿಸುವಾಗ ಬಾಲ್ಕನಿ ಇರುವುದನ್ನೇ ತೆಗೆದುಕೊಳ್ಳಿ. ಆ ಭಾಗದ ಸೆಕೆಯಲ್ಲಿ ಎಸಿ ನಿಂತರೆ ಒಳಗಿನ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ವಯಸ್ಸಾದವರು ಇರಲಾಗದು. ಹಡಗಿನ ಮಧ್ಯಭಾಗ, ಮಸ್ಟರ್ ಸ್ಟೇಷನ್ನಿಗೆ ಎರಡು ಮೂರು ಡೆಕ್ ಒಳಗೆ, ಮೆಟ್ಟಿಲಿಗೆ ಹತ್ತಿರ ಇದ್ದರೆ ಸಾಕು.

ಔಷಧಿ ನಾಲ್ಕು ದಿನದ ಪ್ರವಾಸಕ್ಕೆ ಎಂಟು ದಿನದಷ್ಟು ಇರಲಿ, ಕೈಚೀಲದಲ್ಲೇ ಇರಲಿ. ಹತ್ತುವಾಗ ಕೊಟ್ಟ ದೊಡ್ಡ ಲಗೇಜ್ ಕ್ಯಾಬಿನ್ನಿಗೆ ಬರುವುದು ಸಂಜೆಯಾಗಬಹುದು. ಇನ್ಸುಲಿನ್ ಇದ್ದರೆ ನೀರಲ್ಲಿ ನೆನೆಸಿ ತಂಪಾಗಿಡುವ ಪೌಚ್ ಒಯ್ಯಿರಿ, ಕ್ಯಾಬಿನ್ನಿನ ಚಿಕ್ಕ ಫ್ರಿಜ್ ನೆಚ್ಚಬೇಡಿ. ರಾತ್ರಿ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಯಂತ್ರ) ಹಾಕಿಕೊಳ್ಳುವವರಿಗೆ ಬ್ಯಾಟರಿ ಬೇಕೇ ಎಂದು ಡಾಕ್ಟರನ್ನು ಕೇಳಿ. ತಲಾ ಒಂದು ಚಿಕ್ಕ ಟಾರ್ಚ್, ಒಂದು ಪವರ್ ಬ್ಯಾಂಕ್, ಓಆರ್‌ಎಸ್ ಪ್ಯಾಕೆಟ್, ಕೋಣೆಯಲ್ಲಿ ಯಾವಾಗಲೂ ತುಂಬಿದ ಎರಡು ಬಾಟಲಿ ನೀರು.

ಕಾಗದಪತ್ರದ ಕಡೆ: ಸಿಂಗಪುರ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು. ಹಡಗು ಮಲೇಷಿಯಾದ ಬಂದರಿನಲ್ಲಿ ಇಳಿಸಿ ವಿಮಾನದಲ್ಲಿ ಕಳಿಸಿದರೂ ನೀವು ಸಿಂಗಪುರಕ್ಕೆ ಎರಡನೇ ಸಲ ಪ್ರವೇಶಿಸುತ್ತೀರಿ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ಇರಿಸಿಕೊಳ್ಳುತ್ತಾರೆ, ಜೆರಾಕ್ಸ್ ನಿಮ್ಮ ಬಳಿ ಇರಲಿ. ಬೆಂಗಳೂರಿನ ವಿಮಾನವನ್ನು ಹಡಗು ಮರಳುವ ದಿನಕ್ಕೆ ಹಾಕಬೇಡಿ, ಮರುದಿನಕ್ಕೆ ಹಾಕಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಕ್ರೂಸ್ ಪ್ರಯಾಣ ಸೇರಿದೆಯೇ, ಹಡಗಿನ ಯಾಂತ್ರಿಕ ದೋಷದಿಂದ ಪ್ರವಾಸ ಮೊಟಕಾದರೆ ಹಣ ಬರುತ್ತದೆಯೇ, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಕೊಡುತ್ತಾರೆಯೇ, ಬಿಪಿ-ಸಕ್ಕರೆಯಂಥ ಮೊದಲೇ ಇದ್ದ ಕಾಯಿಲೆಗೆ ಅನ್ವಯಿಸುತ್ತದೆಯೇ ಎಂಬ ನಾಲ್ಕು ಪ್ರಶ್ನೆಗೆ ಏಜೆಂಟರಿಂದ ಇಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ. ಅಮೆರಿಕದ ಕ್ರೂಸ್ ಕಂಪನಿಗಳ ಒಕ್ಕೂಟ 2013ರಲ್ಲಿ ಘೋಷಿಸಿದ ಪ್ರಯಾಣಿಕರ ಹಕ್ಕುಪತ್ರದಲ್ಲಿ ಯಾಂತ್ರಿಕ ದೋಷದಿಂದ ರದ್ದಾದರೆ ಪೂರ್ತಿ ಹಣ ವಾಪಸ್ ಎಂದಿದೆ. ಸಿಂಗಪುರದಿಂದ ಹೊರಡುವ, ಭಾರತದಲ್ಲಿ ಕೊಂಡ ಟಿಕೆಟ್ಟಿಗೂ ಅದು ಸಿಗುತ್ತದೆಂದು ಎಣಿಸಬೇಡಿ, ನಿಮ್ಮ ಟಿಕೆಟ್ಟಿನ ಕರಾರಿನಲ್ಲಿ ಬರೆದಿರುವುದಷ್ಟೇ ನಿಮ್ಮದು.