ತಟ್ಟೆ ತುಂಬಾ ಅನ್ನ, ಮೇಲೆ ಗ್ಲೂಕೋಸ್

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದವರು ಮುಂಬಯಿ ಹತ್ತಿರದ ಡೊಂಬಿವಲಿಯ ದಂಪತಿ, ಊರು ಉಡುಪಿ ಕಡೆ. ಗಂಡನಿಗೆ 50 ದಾಟಿದೆ. ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದವರು. ಕ್ಯಾನ್ಸರ್‌ ಅಂತ ಜಠರವನ್ನು ಪೂರ್ತಿ ತೆಗೆದಿದ್ದಾರೆ.

"ಇವರು ಸರಿಯಾಗಿ ಉಣ್ಣೋದೇ ಇಲ್ಲ ಮೇಡಂ. ಬಾಯಿ ಬಿಟ್ರೆ ಸಿಟ್ಟು" ಎಂದರು ಹೆಂಡತಿ. ಗಂಡ ಮಾತಾಡಲಿಲ್ಲ. ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ.

ಆಗ ವಿಷಯ ಹೊರಬಂತು. ಉಂಡು ಕಾಲು ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. "ಕ್ಯಾನ್ಸರ್ ಮತ್ತೆ ಬಂದಿದೆ ಅನ್ಸುತ್ತೆ. ಅವಳಿಗೆ ಹೇಳ್ಬೇಡಿ." ಹಾಗಾಗಿ ಮುಂಬಯಿಯ ಪರೇಲಿನ ಆಸ್ಪತ್ರೆಯ ಚೆಕಪ್‌ ತಪ್ಪಿಸಿದ್ದರು. ಹೋದರೆ ತಾನೇ ಗೊತ್ತಾಗೋದು!

ಊಟದ ಬಗ್ಗೆ ಕೇಳಿದೆ. ಎರಡು ಹೊತ್ತು ತಟ್ಟೆ ತುಂಬಾ ಅನ್ನ ಸಾರು, ಜೊತೆಗೆ ಚೊಂಬು ನೀರು. ಬೆವರಿದರೆ ಹೆಂಡತಿ ಗ್ಲೂಕೋಸ್ ಕಲಸಿ ಕೊಡುತ್ತಾರೆ. ಪಾಪ, ಪ್ರೀತಿಯಿಂದಲೇ.

ಅವರ ಒಪ್ಪಿಗೆ ಪಡೆದು ಇಬ್ಬರನ್ನೂ ಕೂರಿಸಿ ಹೇಳಿದೆ. ಜಠರ ಊಟವನ್ನು ಹಿಡಿದಿಟ್ಟು ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತಿತ್ತು. ಈಗ ಅದಿಲ್ಲ, ಊಟ ಒಮ್ಮೆಗೇ ಕರುಳಿಗೆ ಬೀಳುತ್ತದೆ. ಸಿಹಿ ಇದ್ದರೆ ಕರುಳು ಇನ್ನೂ ನೀರು ಎಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಡಂಪಿಂಗ್ ಅಂತಾರೆ. ಸಾಮಾನ್ಯವಾಗಿ ಊಟವಾಗಿ 10–30 ನಿಮಿಷಕ್ಕೆ ಬರುತ್ತದೆ. ಆಗ ಗ್ಲೂಕೋಸ್ ಕೊಟ್ಟರೆ ಜಾಸ್ತಿಯಾಗುತ್ತದೆ. 1–3 ಗಂಟೆ ಕಳೆದು ನಡುಕ, ತಲೆಸುತ್ತು ಬಂದರೆ ಅದು ಬೇರೆ, ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಆಗ ಸ್ವಲ್ಪ ಸಿಹಿ ಬೇಕಾಗುತ್ತದೆ. ಇವರು ಹೇಳಿದ್ದು ಡಂಪಿಂಗ್‌ಗೆ ಹೊಂದುತ್ತದೆ. ಆದರೆ ಕ್ಯಾನ್ಸರ್ ಮರಳಿಲ್ಲ ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ.

ದಿನಕ್ಕೆ 6–8 ಸಲ, ಸಣ್ಣ ಬಟ್ಟಲಿನಷ್ಟು. ಮೊದಲು ಮೊಟ್ಟೆ, ಮೀನು ಅಥವಾ ಬೇಳೆ, ಆಮೇಲೆ ಸ್ವಲ್ಪ ಅನ್ನ. ಚೆನ್ನಾಗಿ ಅಗಿಯಬೇಕು. ನೀರು ಊಟಕ್ಕೆ ಅರ್ಧ ಗಂಟೆ ಮೊದಲು ಇಲ್ಲವೇ ಆಮೇಲೆ. "ತಟ್ಟೆ ಕಾಯೋದು ಬಿಡಿ. ಏನು ತಿಂದರು, ಯಾವಾಗ ಬೆವರಿದರು ಬರೆದಿಡಿ. ವಾರಕ್ಕೊಮ್ಮೆ ತೂಕವನ್ನೂ ಬರೀರಿ" ಎಂದೆ ಹೆಂಡತಿಗೆ. ಇಷ್ಟು ದಿನ ಈ ಮನೆಯ ಭಯವೆಲ್ಲ ಊಟದ ಜಗಳವಾಗಿ ಹೊರಬರುತ್ತಿತ್ತು.

ಗಂಡ ವಿಟಮಿನ್ ಬಿ12 ಇಂಜೆಕ್ಷನ್ ನಿಲ್ಲಿಸಿದ್ದರು, "ಆರಾಮಿದ್ದೇನಲ್ಲ" ಅಂತ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಬಿ12 ಮೈಗೆ ಹತ್ತಲು ಬೇಕಾದ ಅಂಶ ತಯಾರಾಗುತ್ತಿದ್ದದ್ದು ಜಠರದಲ್ಲೇ. ಲಿವರಿನ ದಾಸ್ತಾನು ಕೆಲವು ವರ್ಷ ಬರುವುದರಿಂದ ಕೊರತೆ ಬೇಗ ತಿಳಿಯುವುದಿಲ್ಲ. ಆಮೇಲೆ ರಕ್ತಹೀನತೆ, ಕೈಕಾಲು ಜೋಮು. ಜಠರ ಪೂರ್ತಿ ತೆಗೆದವರಿಗೆ ಬಿ12 ಜೀವನಪೂರ್ತಿ ಬೇಕು.

ಚೆಕಪ್‌ ಸಾಮಾನ್ಯವಾಗಿ ಮೊದಲ 2 ವರ್ಷ 3–6 ತಿಂಗಳಿಗೊಮ್ಮೆ, ಆಮೇಲೆ 5 ವರ್ಷದವರೆಗೆ 6–12 ತಿಂಗಳಿಗೊಮ್ಮೆ. ಕಪ್ಪು ಮಲ, ಬಿಡದ ವಾಂತಿ, ತುತ್ತು ಸಿಕ್ಕಿಕೊಳ್ಳುವುದು, ಕಣ್ಣು ಹಳದಿ, ಇವು ಕಂಡರೆ ತಾರೀಖು ಕಾಯಬಾರದು.

ನನ್ನೆದುರೇ ಫೋನ್ ಮಾಡಿ ಹೊಸ ತಾರೀಖು ತೆಗೆದುಕೊಂಡರು. ಲೋಕಲ್ ಟ್ರೇನ್‌ನ ನೂಕುನುಗ್ಗಲಿಗೆ ಸಿಗದ ಹಾಗೆ ಮಧ್ಯಾಹ್ನದ್ದು. ಎದ್ದು ಹೊರಟವರು ತಿರುಗಿ ಕೇಳಿದರು: "ಗಲ್ಲಾದಲ್ಲಿ ಕೂತು ಎಂಟು ಸಲ ತಿನ್ನೋದು ಹೇಗೆ ಮೇಡಂ?" ಸಣ್ಣ ಡಬ್ಬಿಗಳು, ಮೊದಲು ಅರ್ಧ ದಿನದ ಕೆಲಸ, ಮಾಲೀಕರಿಗೆ ಮುಂಚೆಯೇ ವಿಷಯ ತಿಳಿಸುವುದು. ಹಾಗೆ ಮಾಡಿ ನೋಡಿ, ಡಾಕ್ಟರು ಕೆಲಸಕ್ಕೆ ಹೂಂ ಅಂದ ಮೇಲೆ, ಎಂದೆ.